ಅಮ್ಮನ ಜಡೆ

ಕಳೆದ ವರ್ಷ ಮೇ ತಿಂಗಳಲ್ಲಿ ಹಾಸನದಿಂದ ಅಮ್ಮ ಬಂದಾಗ ನಮ್ಮ ಸನ್ನಿವೇಲ್ ಮನೆಗೆ ಹಬ್ಬದ ಕಳೆ ಬಂತು. ಎರಡು ಸೂಟ್‌ಕೇಸ್ ತುಂಬ ಸಾರಿನಪುಡಿ, ಹಪ್ಪಳ, ಕೋಡುಬಳೆ. ವಾರದೊಳಗೆ ಮೊಮ್ಮಗಳಿಗೆ ಜಡೆ ಹೆಣೆಯುವುದನ್ನು ಕಲಿಸಿ, ದಿನಾ ಬೆಳಿಗ್ಗೆ ಅವಳ ಕೈಯಲ್ಲೇ ತಲೆ ಬಾಚಿಸಿಕೊಳ್ಳತೊಡಗಿದರು. ನಾವು ಕರಗಿಹೋಗಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದೆವು.

ಅಮ್ಮನ ಬಲಗೈ ಕಿವಿಯ ಮಟ್ಟಕ್ಕೂ ಏಳುತ್ತಿಲ್ಲ ಎಂದು ನಮಗೆ ತಿಳಿದದ್ದು ಎರಡು ತಿಂಗಳಾದ ಮೇಲೆ, ಅಡಿಗೆಮನೆಯ ಶೆಲ್ಫಿನಿಂದ ಡಬ್ಬಿ ಕೆಳಗೆ ಬಿದ್ದ ದಿನ.

"ಏನಿಲ್ಲ ಕಣೋ, ವಾಯು. ವಿಮಾನದಲ್ಲಿ ಕೂತೂ ಕೂತೂ ಹಿಡಕೊಂಡಿದೆ."

ಒತ್ತಾಯ ಮಾಡಿದ ಮೇಲೆ ನಿಜ ಹೊರಬಂತು. ನೋವು ಸಂಕ್ರಾಂತಿಯಿಂದಲೇ ಇತ್ತು. ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ. "ಇಲ್ಲಿ ಡಾಕ್ಟರ ಹತ್ರ ಹೋದ್ರೆ ನೀವು ಮನೆ ಮಾರಬೇಕಾಗತ್ತೆ ಅಂತಾರಲ್ಲ!" ನಗು ಬಂತು, ಆದರೆ ನಾವೇನು ಕಡಿಮೆ? ಪ್ರವಾಸಿ ವಿಮೆಯಲ್ಲಿ ಹಳೆಯ ಕಾಯಿಲೆಗೆ ಹಣ ಸಿಗುವುದಿಲ್ಲವೆಂದು ಅಂಜಿ, ಅಮೃತಾಂಜನ, ಟೈಲೆನಾಲ್ ಎಂದು ಮತ್ತೆ ಮೂರು ವಾರ ತಳ್ಳಿದೆವು.

ಕೊನೆಗೆ ಕಂಡ ವೈದ್ಯರು ಮೊದಲು ಅಮ್ಮನಿಗೇ ಕೈ ಎತ್ತಲು ಹೇಳಿದರು, ಆಮೇಲೆ ತಾವೇ ಹಿಡಿದು ಎತ್ತಿದರು. ಎರಡು ಸಲವೂ ಕೈ ಒಂದೇ ಕಡೆ ನಿಂತಿತು. ಸ್ನಾಯುರಜ್ಜು ಹರಿದಿದ್ದರೆ ಸಾಮಾನ್ಯವಾಗಿ ಇನ್ನೊಬ್ಬರು ಎತ್ತಿದಾಗ ಕೈ ಮೇಲೇರುತ್ತದಂತೆ. ಇಲ್ಲಿ ಕೀಲನ್ನು ಸುತ್ತಿದ ಚೀಲವೇ ದಪ್ಪಗಟ್ಟಿ ಬಿಗಿದುಕೊಂಡಿತ್ತು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಇದಕ್ಕೆ 'ಫ್ರೋಜನ್ ಶೋಲ್ಡರ್' ಎಂಬ ಹೆಸರನ್ನು ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಕೊಟ್ಟರು. ಮೊದಲು ನೋವು, ಆಮೇಲೆ ಬಿಗಿತ, ಕಡೆಗೆ ನಿಧಾನವಾಗಿ ಸಡಿಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷ.

ಅಷ್ಟಕ್ಕೇ ಮುಗಿಯಲಿಲ್ಲ. "ಸಕ್ಕರೆ ಪರೀಕ್ಷೆ ಯಾವಾಗ ಮಾಡಿಸಿದ್ದಿರಿ?" ಎಂದು ವೈದ್ಯರು ಕೇಳಿದಾಗ ಅಮ್ಮ ನಮ್ಮ ಮುಖ ನೋಡಿದರು, ನಾವು ಅಮ್ಮನ ಮುಖ ನೋಡಿದೆವು. ಎ1ಸಿ 6.5 ದಾಟಿದರೆ ಮಧುಮೇಹ, ಅಮ್ಮನದು 8.4. ಭುಜ ಹೀಗೆ ಬಿಗಿಯುವುದು ಮಧುಮೇಹಿಗಳಲ್ಲಿ ಹಲವು ಪಟ್ಟು ಹೆಚ್ಚು. ನಮ್ಮವರ ಮಾತಂತೂ ಕೇಳಲೇಬೇಡಿ. 2010ರಲ್ಲಿ ಬೇ ಏರಿಯಾ ಮತ್ತು ಶಿಕಾಗೋದ ದಕ್ಷಿಣ ಏಷ್ಯಾದವರನ್ನು ಕುರಿತು ಆರಂಭವಾದ 'ಮಸಾಲಾ' ಅಧ್ಯಯನ (ಹೆಸರು ನಿಜವಾಗಿ ಅದೇ!) ಅಮೆರಿಕದ ಬೇರೆ ಜನಾಂಗಗಳಿಗಿಂತ ನಮ್ಮಲ್ಲಿ ಮಧುಮೇಹ ಹೆಚ್ಚೆಂದು ತೋರಿಸಿದೆ. ದಪ್ಪಗಿಲ್ಲದವರಿಗೂ ಬರುತ್ತದೆ. ಅಮ್ಮನ ತೂಕ 52 ಕಿಲೋ.

ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ ಎಂದು ಎಚ್ಚರಿಸಿದ್ದರು, ಏರಿತು ಕೂಡ. ಮಾತ್ರೆ ಶುರುವಾಯಿತು, ಮೂರು ಹೊತ್ತಿನ ಅನ್ನ ಒಂದು ಹೊತ್ತಿಗಿಳಿಯಿತು. ಫಿಸಿಯೋಥೆರಪಿಯ ಹುಡುಗಿ ಕಾಡ್‌ಮನ್ ಹೆಸರಿನದೇ ವ್ಯಾಯಾಮ ಕಲಿಸಿದಳು: ಒಂದು ಕೈ ಮೇಜಿಗೆ ಊರಿ, ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು. "ಒಳ್ಳೆ ಬಾವಿ ಸೇದೋ ಕೆಲಸ ಬಿಟ್ಟು ಬಂದೆ, ಈಗ ಡಾಲರ್ ಕೊಟ್ಟು ಕೈ ಬೀಸ್ತಿದೀನಿ" ಎಂದು ಅಮ್ಮ ಗೊಣಗಿದರೂ ಒಂದು ದಿನವೂ ತಪ್ಪಿಸಲಿಲ್ಲ. ಬಿಲ್ಲಿನ ವಿಷಯ ಇಲ್ಲಿ ಬೇಡ, ಮನೆಯಂತೂ ಮಾರಲಿಲ್ಲ.

ಒಂದು ಮಾತು, ಅಪ್ಪ-ಅಮ್ಮಂದಿರನ್ನು ಕರೆಸಿಕೊಂಡಿರುವವರಿಗೆ: ಭುಜದ ನೋವೆಲ್ಲ ಭುಜದ್ದೇ ಆಗಿರುವುದಿಲ್ಲ. ಥಟ್ಟನೆ ಶುರುವಾಗಿ ಬೆವರು, ಏದುಸಿರು, ಎದೆಯ ಬಿಗಿತ ಜೊತೆಗಿದ್ದರೆ ವಿಮೆಯ ಕಾಗದ ಹುಡುಕುತ್ತಾ ಕೂರಬೇಡಿ, 911ಕ್ಕೆ ಫೋನ್ ಮಾಡಿ.

ನವೆಂಬರಿನಲ್ಲಿ ಅಮ್ಮ ಊರಿಗೆ ಮರಳಿದರು. ಈ ಯುಗಾದಿಯ ದಿನ ವಿಡಿಯೋದಲ್ಲಿ ನಮಗೆ ಬೆನ್ನು ತಿರುಗಿಸಿ, ತಾವೇ ಕಟ್ಟಿಕೊಂಡ ತುರುಬು ತೋರಿಸಿದರು. ಸ್ವಲ್ಪ ಎಡಕ್ಕೆ ವಾಲಿತ್ತು. "ಅಜ್ಜಿ, ನಾನು ಇನ್ನೂ ಚೆನ್ನಾಗಿ ಕಟ್ತಿದ್ದೆ" ಎಂದಳು ನಮ್ಮ ಮಗಳು.