ಜ್ವರ ಬಿಟ್ಟಿತು, ನೋವು ಬಿಡಲಿಲ್ಲ

ಹೆಸರು ಕೇಳಿ ಕೋಳಿಯಿಂದ ಬರುವ ರೋಗವೆಂದು ಭಾವಿಸಿ, 2006ರಲ್ಲಿ ಅನೇಕರು ಕೋಳಿಮಾಂಸವನ್ನೇ ಬಿಟ್ಟಿದ್ದರು. ಆದರೆ ಚಿಕುನ್‌ಗುನ್ಯಾ ಹರಡುವುದು ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆಯಿಂದ. ಆ ಹೆಸರು ಬಂದದ್ದು ಆಫ್ರಿಕದ ಮಕೊಂಡೆ ಭಾಷೆಯಿಂದ. 1952-53ರಲ್ಲಿ ಇಂದಿನ ಟಾಂಜಾನಿಯಾದಲ್ಲಿ ರೋಗ ಮೊದಲು ಪತ್ತೆಯಾದಾಗ, ಕೀಲುನೋವಿನಿಂದ ಬಾಗಿಹೋದವರನ್ನು ಕಂಡು ಜನ ಕೊಟ್ಟ ಹೆಸರದು.

2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. 2008ರಲ್ಲಿ ಅದು ದಕ್ಷಿಣ ಕನ್ನಡದ ನಮ್ಮ ಹಳ್ಳಿಗೂ ಬಂತು. ಮನೆಯ ಐವರಲ್ಲಿ ನಾಲ್ವರು ಹಾಸಿಗೆ ಹಿಡಿದೆವು. ವಾರದೊಳಗೆ ಜ್ವರ ಇಳಿಯಿತು. ಸರಕಾರದ ಲೆಕ್ಕ ಅಲ್ಲಿಗೇ ಮುಗಿಯಿತು.

ನಮ್ಮ ಉಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಬೆರಳು ಮಡಚದಿದ್ದರೆ ಎಲೆ ಸುರುಳಿಯಾಗುವುದಿಲ್ಲ. ಸಾವಿರ ಕಟ್ಟುತ್ತಿದ್ದವರು ಮುನ್ನೂರಕ್ಕೆ ಇಳಿದರು. ಬೆಳಿಗ್ಗೆ ಸೊಂಟ ನೆಟ್ಟಗಾಗಲು ಒಂದು ಗಂಟೆ ಬೇಕು. ಸುಜೂದ್‌ಗೆ ಬಾಗಲಾಗದೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡತೊಡಗಿದರು. ನೋಡಲು ಬಂದವರು, "ಜ್ವರ ಬಿಟ್ಟು ಆರು ತಿಂಗಳಾಯಿತಲ್ಲ, ಇನ್ನೂ ಏನು?" ಎಂದು ಕೇಳುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಏನೂ ಕಾಣದಿದ್ದಾಗ ವೈದ್ಯರೊಬ್ಬರು, "ಎಲ್ಲ ಮನಸ್ಸಿನದ್ದು" ಎಂದುಬಿಟ್ಟರು. ಉಮ್ಮ ಅತ್ತದ್ದು ನೋವಿಗಲ್ಲ, ಆ ಮಾತಿಗೆ.

ಈ ನೋವು ಮನಸ್ಸಿನದ್ದಲ್ಲ. ರಕ್ತದಿಂದ ವೈರಸ್ ಮರೆಯಾದ ಮೇಲೂ ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿ ಕೀಲುಗಳಲ್ಲಿ ಹೋರಾಟ ಮುಂದುವರಿಸುತ್ತದೆ. ಅದರಿಂದ ಉರಿಯೂತ. ಬೆರಳು, ಮಣಿಕಟ್ಟು, ಮೊಣಕಾಲು, ಪಾದದ ಕೀಲು ಬಾಯುತ್ತವೆ. ಬೆನ್ನೂ ಹಿಡಿಯುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಮಧ್ಯವಯಸ್ಸು ದಾಟಿದವರಿಗೂ ಮೊದಲೇ ಕೀಲುಬೇನೆ ಇದ್ದವರಿಗೂ ಕಾಟ ಹೆಚ್ಚು.

ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ, ಬಾವು ಮೂರು ತಿಂಗಳು ದಾಟಿದರೆ, ಕೀಲುರೋಗ ತಜ್ಞರನ್ನು ಕಾಣಬೇಕು. ಉರಿಯೂತ ತಗ್ಗಿಸುವ ಮದ್ದುಗಳಿವೆ. ಆದರೆ ಅವಕ್ಕೆ ವೈದ್ಯರ ನಿಗಾ ಬೇಕು. ಬೇಗ ಗುಣವಾಗಲೆಂದು ಮತ್ತೆ ಮತ್ತೆ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ.

ಉಮ್ಮನಿಗೆ ಸರಿಯಾದ ಚಿಕಿತ್ಸೆ ಸಿಗುವಾಗ ವರ್ಷ ಕಳೆದಿತ್ತು. ನೋವು ತಗ್ಗಿತು, ಬೀಡಿಯ ಕೆಲಸ ಮಾತ್ರ ಮತ್ತೆ ಕೈಗೆ ಬರಲಿಲ್ಲ. ಜ್ವರ ಬಿಟ್ಟವರು ನೋವೆಂದಾಗ ಮನೆಯವರು ನಂಬಬೇಕು. ನಂಬಿದವರೇ ಅವರನ್ನು ಹೊತ್ತಿಗೆ ಸರಿಯಾಗಿ ವೈದ್ಯರ ಬಳಿ ಕರೆದೊಯ್ಯುವುದು.