ಗಂಗೊಳ್ಳಿಗೆ ನೀರಿನ ದಾರಿ

ಕುಂದಾಪುರದಿಂದ ಗಂಗೊಳ್ಳಿಗೆ ಎರಡು ದಾರಿಗಳಿವೆ. ಬಸ್ಸಿನಲ್ಲಾದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಎಂದು ದೊಡ್ಡ ಸುತ್ತು. ನೀರಿನ ಮೇಲಾದರೆ ಊರು ಎದುರಿಗೇ ಕಾಣುತ್ತದೆ. ಗಂಗೊಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದ ಐದು ವರ್ಷ, ಮಳೆಗಾಲ ಬಿಟ್ಟರೆ, ನಾನು ದಿನವೂ ದೋಣಿಯಲ್ಲೇ ಹೋಗಿಬರುತ್ತಿದ್ದೆ.

ಕಳೆದ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗಳು ಇದನ್ನು ನಂಬಲೇ ಇಲ್ಲ. "ಅಜ್ಜಾ, ಆಫೀಸಿಗೆ ಯಾರಾದರೂ ದೋಣಿಯಲ್ಲಿ ಹೋಗ್ತಾರಾ?" ಎಂದು ನಕ್ಕಳು. ಅವಳಿಗೆ ಏಳನೇ ತರಗತಿ. ಮಂಡಿನೋವಿನ ನೆಪ ಹೇಳಿ ಮನೆಯಲ್ಲೇ ಕುಳಿತಿದ್ದ ನಾನು ಮರುದಿನವೇ ಅವಳನ್ನು ಕರೆದುಕೊಂಡು ಹೊರಟೆ.

ನನ್ನ ಹಳೆಯ ದೋಣಿಯವರು ಈಗಲೂ ಇದ್ದಾರೆ. ನನಗಿಂತ ಎರಡು ವರ್ಷ ಹಿರಿಯರು, ಎಪ್ಪತ್ತಾರು. ಮೊದಲು ಹುಟ್ಟು ಹಾಕುತ್ತಿದ್ದರು. ಮುಂದೆ ಔಟ್‌ಬೋರ್ಡ್ ಎಂಜಿನ್ ತೆಗೆದುಕೊಂಡಾಗ ಅವರ ಸಾಲದ ಕಾಗದ ಬರೆದವನು ನಾನೇ. ಈಗ ನೋಡಬಂದವರನ್ನು ಕುದ್ರುಗಳ ಸುತ್ತ ತಿರುಗಿಸುತ್ತಾರೆ. ನನ್ನನ್ನು ಕಂಡವರೇ, "ಹ್ವಾಯ್ ಬ್ಯಾಂಕಿನವ್ರೇ, ಸಮ ಹೊತ್ತಿಗೆ ಬಂದ್ರಿ. ಈ ವರ್ಷವೇ ಕಡೆ. ದೋಣಿ ಮಾರೂದ್ ಅಂದೇಳಿ ಮಾಡಿದ್ದೆ" ಎಂದರು. ಬಲಭುಜ ಮುಟ್ಟಿ ತೋರಿಸಿದರು. "ಕೈ ಕೇಳೂದಿಲ್ಲೆ. ವಯಸ್ಸಾಯ್ತಲ್ದಾ?"

ನಾವು ಲೈಫ್ ಜಾಕೆಟ್ ಕಟ್ಟಿಕೊಂಡು ಕುಳಿತೆವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಹೀಗೆ ಐದು ನದಿಗಳು ಇಲ್ಲಿ ಕೂಡಿ ಸಮುದ್ರ ಸೇರುತ್ತವೆ. ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ದಡದಲ್ಲಿ ಕಾಂಡ್ಲಾ ಗಿಡಗಳ ಬೇರು ನೀರಿನೊಳಗೆ ಕಾಲೂರಿ ನಿಂತಿದ್ದವು. ಮೇಲೆ ಗರುಡ ಸುತ್ತುತ್ತಿತ್ತು. ಮೊಮ್ಮಗಳು ಎಲ್ಲವನ್ನೂ ನೋಡುತ್ತಿದ್ದಳು. ನಾನು ಮಾತ್ರ ದೋಣಿಯವರ ಕೈಯನ್ನೇ ನೋಡುತ್ತಿದ್ದೆ.

ಔಟ್‌ಬೋರ್ಡ್ ದೋಣಿಗೆ ಬೇರೆ ಚುಕ್ಕಾಣಿ ಇರುವುದಿಲ್ಲ. ಹಿಂಬದಿಗೆ ತೂಗುಹಾಕಿದ ಎಂಜಿನ್ನೇ ಬಾಗಿಲಿನ ಹಾಗೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಅದರ ಹಿಡಿಕೆ ದೋಣಿಯವರ ಕೈಯಲ್ಲಿರುತ್ತದೆ. ಒಂದು ಕೈಯಲ್ಲಿ ತಿರುಗಬೇಕಾದ ಆ ಹಿಡಿಕೆಯನ್ನು ಇವರು ಎರಡೂ ಕೈಯಿಂದ ದಬ್ಬುತ್ತಿದ್ದರು. ಕೊಂಚ ಸಡಿಲ ಬಿಟ್ಟರೆ ದೋಣಿ ತಾನಾಗಿ ಬಲಕ್ಕೆ ವಾಲಿ ಓಡುತ್ತಿತ್ತು. ಅಳಿವೆಯ ಹತ್ತಿರ ಬರುವಾಗ ಇಳಿತದ ಸೆಳೆತ ಜೋರಾಗಿತ್ತು. ಎದುರಿಗೆ ಲಂಗರು ಹಾಕಿದ್ದ ದೊಡ್ಡ ಬೋಟು. ಅವರು ಹಲ್ಲು ಕಚ್ಚಿ ಹಿಡಿಕೆ ದಬ್ಬಿದರು. ನಾವು ಅದರ ಪಕ್ಕದಲ್ಲಿ ಒಂದು ಮಾರು ದೂರದಲ್ಲಿ ದಾಟಿದೆವು. ಮೊಮ್ಮಗಳ ಕೈ ನನ್ನ ಅಂಗಿಯನ್ನು ಹಿಡಿದಿತ್ತು. ದೋಣಿಯವರ ಮುಖ ಬಿಳಿಚಿಕೊಂಡಿತ್ತು. "ಕಂಡ್ರಲ್ದಾ?" ಎಂದರು, ಅಷ್ಟೆ.

ಗಂಗೊಳ್ಳಿಯಲ್ಲಿ ಅವರ ಮಗಳ ಮಗ ಎಂಜಿನ್ ರಿಪೇರಿ ಮಾಡುತ್ತಾನೆ. ಅವನಿಗೆ ವಿಷಯ ಹೇಳಿದೆ. "ಅಜ್ಜ ಭುಜ ನೋವು ಅಂತಾರೆ. ಎಂಜಿನ್ ಗಟ್ಟಿ ಅಂತ ಒಂದು ದಿನವೂ ಹೇಳಲಿಲ್ಲ!" ಎಂದು ಬಂದ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ಲೆಡ್ಜರ್ ಹರಡಿ ಕೂರುತ್ತಿರಲಿಲ್ಲ. ಒಂದೊಂದೇ ಕಾಲಂ ನೋಡಿ, ಸರಿಯಿದ್ದದ್ದನ್ನು ಬದಿಗಿಟ್ಟು ಮುಂದೆ ಹೋಗುತ್ತಿದ್ದೆವು. ಆ ಹುಡುಗನೂ ಹಾಗೇ ಮಾಡಿದ. ಮೊದಲು ಎಂಜಿನ್ ನಿಲ್ಲಿಸಿ ಹಿಡಿಕೆ ತಿರುಗಿಸಿ ನೋಡಿದ. ಆಗಲೂ ಗಟ್ಟಿ. ಅಂದರೆ ಗಟ್ಟಿತನಕ್ಕೆ ನೀರಿನ ಸೆಳೆತವಾಗಲಿ ಫ್ಯಾನಾಗಲಿ ಕಾರಣವಲ್ಲ. ಆಮೇಲೆ, ಹಿಡಿತ ಬಿಗಿ ಮಾಡುವ ಬೋಲ್ಟು ಸಡಿಲಿಸಿದ. ಅದನ್ನು ಅತಿ ಬಿಗಿ ಮಾಡಿದರೂ ಹಿಡಿಕೆ ಅಲುಗುವುದಿಲ್ಲವಂತೆ. ಏನೂ ಬದಲಾಗಲಿಲ್ಲ. ಉಳಿದದ್ದು ಎಂಜಿನ್ ತಿರುಗುವ ಕೊಳವೆ.

ಅದಕ್ಕೆ ಗ್ರೀಸ್ ತುಂಬಲು ಪುಟ್ಟ ನಿಪ್ಪಲ್ ಇದೆ. ಗ್ರೀಸ್ ಗನ್ ಒತ್ತಿದರೆ ಒಳಗೆ ಹೋಗಲೊಲ್ಲದು. ಉಪ್ಪು ಕಟ್ಟಿ ಬಾಯಿ ಮುಚ್ಚಿತ್ತು. ನಿಪ್ಪಲ್ ಬಿಚ್ಚಿ, ತೂತನ್ನು ತಂತಿಯಿಂದ ಕೆರೆದು, ಹೊಸದು ಹಾಕಿದ. ಅವನು ಗನ್ ಒತ್ತುತ್ತ ಹೋದ, ಅಜ್ಜ ಹಿಡಿಕೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಹೋದರು. ಮೊದಲು ಅಂಚಿನಿಂದ ಕಂದುಬಣ್ಣದ, ಮರಳಿನಂಥ ಮುದ್ದೆ ಹೊರಬಂತು. ಹಳೆಯ ಗ್ರೀಸ್ ಒಣಗಿ, ಉಪ್ಪುನೀರು ಸೇರಿ ಹಾಗಾಗಿತ್ತು. ಶುದ್ಧ ಗ್ರೀಸ್ ಹೊರಗೆ ಕಾಣುವವರೆಗೂ ಬಿಡಲಿಲ್ಲ. ಅಜ್ಜ ಒಂದು ಕೈ ತೆಗೆದರು. ಹಿಡಿಕೆ ಇನ್ನೊಂದು ಕೈಗೇ ತಿರುಗಿತು. ಅವರು ಅದನ್ನು ಸುಮ್ಮನೆ ನಾಲ್ಕೈದು ಸಲ ಆ ಕಡೆ ಈ ಕಡೆ ಆಡಿಸಿದರು.

ಇನ್ನು ಬಲಕ್ಕೆ ಎಳೆಯುವುದೊಂದು ಉಳಿದಿತ್ತು. ಫ್ಯಾನು ಒಂದೇ ದಿಕ್ಕಿಗೆ ಸುತ್ತುವುದರಿಂದ ಎಂಜಿನ್ನನ್ನು ಒಂದು ಬದಿಗೆ ತಿರುಚಲು ನೋಡುತ್ತದೆ. ಅದನ್ನು ಸರಿತೂಗಿಸಲು ಫ್ಯಾನಿನ ಮೇಲುಗಡೆ ಮೀನಿನ ಈಜುರೆಕ್ಕೆಯಂಥ ಸಣ್ಣ ಲೋಹದ ತುಂಡು ಇರುತ್ತದೆ. ಹೋದ ವರ್ಷ ಹೊಸದು ಹಾಕಿದವರು ಅದನ್ನು ನೆಟ್ಟಗೆ ಬಿಟ್ಟಿದ್ದರು. ಹುಡುಗ ಎಂಜಿನ್ನನ್ನು ಮೇಲಕ್ಕೆತ್ತಿ, ಬೋಲ್ಟು ಸಡಿಲಿಸಿ, ರೆಕ್ಕೆಯ ಹಿಂತುದಿಯನ್ನು ಸ್ವಲ್ಪವೇ ಬಲಕ್ಕೆ ತಿರುಗಿಸಿದ.

"ದೋಣಿ ಬಲಕ್ಕೆ ಎಳೀತಿದೆ, ಮತ್ತೆ ಬಲಕ್ಕೇ ತಿರುಗಿಸೋದಾ?" ಎಂದಳು ಮೊಮ್ಮಗಳು.

ನನಗೂ ಅದೇ ಸಂಶಯ. ಹುಡುಗ ನಕ್ಕು, "ರೆಕ್ಕೆ ಬಲಕ್ಕೆ ಚಾಚಿದರೆ ಹರಿಯುವ ನೀರು ಬಂದು ಅದಕ್ಕೆ ಬಡಿದು ಎಡಕ್ಕೆ ದಬ್ಬುತ್ತೆ. ಫ್ಯಾನಿನ ತಿರುಚಾಟಕ್ಕೆ ಅದು ಎದುರು" ಎಂದ. ಕೆಲವು ಎಂಜಿನ್ನುಗಳಲ್ಲಿ ಆ ತುಂಡು ಸತುವಿನದಾಗಿರುತ್ತದೆ. ಉಪ್ಪುನೀರಿನಲ್ಲಿ ತಾನು ಸವೆದು ಎಂಜಿನ್ನಿನ ಅಲ್ಯುಮಿನಿಯಂ ಅನ್ನು ಉಳಿಸುತ್ತದೆ. ಆದ್ದರಿಂದ ಅದಕ್ಕೆ ಬಣ್ಣ ಬಳಿಯಬಾರದು ಎಂದೂ ಹೇಳಿದ. ಎರಡು ಸಲ ದೋಣಿ ಓಡಿಸಿ, ಎರಡು ಸಲ ತಿದ್ದಿದ ಮೇಲೆ ಬೋಲ್ಟು ಬಿಗಿದ. ಕೆಲಸ ಮುಗಿದಾಗ ಒಂದೂವರೆ ಗಂಟೆಯಾಗಿತ್ತು.

ಹೋಗುವ ಮುಂಚೆ ಅಜ್ಜನನ್ನು ಗದರಿಸುವುದನ್ನು ಮರೆಯಲಿಲ್ಲ. "ದಿನಾ ಕೆಲಸ ಮುಗಿದ ಮೇಲೆ ಸಿಹಿನೀರಲ್ಲಿ ಎಂಜಿನ್ ತೊಳೀರಿ. ತಿಂಗಳಿಗೊಮ್ಮೆಯಾದರೂ ಗ್ರೀಸ್ ಹಾಕಿ. ಗಟ್ಟಿ ಅನ್ನಿಸಿದರೆ ಅವತ್ತೇ ಹೇಳಿ."

ವಾಪಸು ಬರುವಾಗ ಭರತ ಏರುತ್ತಿತ್ತು. ಅಜ್ಜ ಒಂದೇ ಕೈಯಲ್ಲಿ ಹಿಡಿಕೆ ಹಿಡಿದಿದ್ದರು. ಅಗಲವಾದ, ಬೇರೆ ದೋಣಿಗಳಿಲ್ಲದ ಜಾಗಕ್ಕೆ ಬಂದಾಗ ವೇಗ ತಗ್ಗಿಸಿ ಮೊಮ್ಮಗಳನ್ನು ಕರೆದರು. ಅವಳ ಪುಟ್ಟ ಕೈಯ ಮೇಲೆ ತಮ್ಮ ಕೈ ಇಟ್ಟು, "ಎಡಕ್ಕೆ ದಬ್ಬು, ದೋಣಿ ಎತ್ಲಾಗೆ ಹೋತ್ ಕಾಣ್" ಎಂದರು. ದೋಣಿ ಬಲಕ್ಕೆ ತಿರುಗಿತು. ಅವಳಿಗೆ ಅದೊಂದು ದೊಡ್ಡ ಅಚ್ಚರಿ.

ದಡದಲ್ಲಿ ಇಳಿಯುವಾಗ ಭುಜದ ವಿಷಯ ಕೇಳಿದೆ. "ನೋವು ಇತ್ತ್. ಒಂದೇ ದಿನಕ್ಕೆ ಹೋತಾ? ಆರೆ ಈ ವರ್ಷ ದೋಣಿ ಮಾರೂದಿಲ್ಲೆ" ಎಂದರು. ಆಮೇಲೆ ನಾನು ಮೆಟ್ಟಿಲು ಹತ್ತಲು ತಡಕಾಡುವುದನ್ನು ನೋಡಿ, "ನಿಮ್ಮ ಮಂಡಿಯನ್ನು ಯಾರಿಗಾದರೂ ತೋರ್ಸಿರ್ಯಾ?" ಎಂದು ಕೇಳಿದರು.

ತೋರಿಸಿರಲಿಲ್ಲ. ವಯಸ್ಸಾಯಿತು ಎಂದು ನಾನೂ ಸುಮ್ಮನಿದ್ದೆ. ಮುಂದಿನ ಸೋಮವಾರವೇ ಡಾಕ್ಟರ ಬಳಿ ಹೋದೆ. ಮೇ ತಿಂಗಳ ರಜೆಗೆ ಮೊಮ್ಮಗಳು ಬರುತ್ತಾಳೆ. ಮಳೆ ಹಿಡಿಯುವ ಮೊದಲು ಗಂಗೊಳ್ಳಿಗೆ ಇನ್ನೊಮ್ಮೆ ಹೋಗಬೇಕು.