ಮನೆಯೋ, ಮಗುವೋ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಎಚ್ಚರಿಸಿರುವರು. ಬೆಂಗಳೂರಿನ ಬಾಡಿಗೆಮನೆಯಲ್ಲಿ ಸಂಸಾರ ಹೂಡಿರುವ ನಮಗೆ ಮದುವೆಯೇನೋ ಆಯಿತು. ಮನೆಯ ಲೆಕ್ಕವನ್ನು ಮೊನ್ನೆ ಹಾಕಿ ನೋಡಿದೆವು. ನೂರಕ್ಕೆ 9ರ ಬಡ್ಡಿಯಂತೆ 30 ಲಕ್ಷ ರೂಪಾಯಿ ಸಾಲ ತಂದರೆ, 20 ವರ್ಷಗಳವರೆಗೆ ತಿಂಗಳಿಗೆ ಸುಮಾರು 27,000 ರೂಪಾಯಿ ತೆರಬೇಕು. ಕಡೆಗೆ ತೆತ್ತ ಮೊತ್ತ 64 ಲಕ್ಷವನ್ನೂ ಮೀರುವುದು.

“ಎರಡನೆಯ ಮಗು ಸಾಲ ತೀರಿದ ಮೇಲಾಗಲಿ” ಎಂದೆವು.

“ಅಷ್ಟು ಹೊತ್ತಿಗೆ ನನಗೆ ಐವತ್ತೈದು ತುಂಬಿರುತ್ತದೆಯಲ್ಲ!” ಎಂದು ನಮ್ಮಾಕೆ ನಕ್ಕಳು. ನಮಗೆ ನಗು ಬರಲಿಲ್ಲ.

ಮನೆ ಕಾದೀತು, ವಯಸ್ಸು ಕಾಯದು. ವಾಚಕರು ನಮ್ಮನ್ನು ಅವಿವೇಕಿಗಳೆಂದರೂ ಸರಿಯೆ. ಮನೆಯ ಲೆಕ್ಕವನ್ನು ಮಡಿಸಿಟ್ಟು, ಹಿರಿಯ ಮಗನ ತೊಟ್ಟಿಲನ್ನು ಅಟ್ಟದಿಂದ ಇಳಿಸಿದ್ದೇವೆ.